ಎರಡು ಬೆರಳು ಹೆಚ್ಚು

ಭಾನುವಾರ ಮಧ್ಯಾಹ್ನ, ಇಪ್ಪತ್ತೆಂಟನೇ ತಾರೀಖು

ಗುಂಡುಸೂಜಿಯ ಅಪ್ಪನಿಗೆ,

ಫ್ಯೂಸ್ ಎಂದಿರೋ ಬಲ್ಬ್ ಎಂದಿರೋ, ಈಗ ಸರಿಯಾಗಿ ನೆನಪಿಲ್ಲ. “ನಿಮ್ಮಿಬ್ಬರ ಕೈಲಿ ಒಂದು ಫ್ಯೂಸ್ ಹಾಕೋಕೂ ಆಗಲ್ಲ” ಎಂದೇ ಇರಬೇಕು. ಬಲ್ಬ್ ಆಗಿದ್ದರೆ ನಾನು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ನೀವು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತ ಹೇಳಿದ ಮಾತದು. ನಾಲ್ಕು ವರ್ಷವಾಯಿತು. ಉತ್ತರ ಇವತ್ತು ಬರೆಯುತ್ತಿದ್ದೇನೆ: ನಿಮ್ಮ ಮಗಳು ಗುಂಡುಸೂಜಿ ಕೈಯಾರೆ ಜೋಡಿಸಿದ ಕಂಪ್ಯೂಟರ್ ಬೆಳಿಗ್ಗೆ ಹೊತ್ತಿಕೊಂಡಿತು. ಗಾಬರಿಯಾಗಬೇಡಿ, ಬೆಂಕಿಯಲ್ಲ, ದೀಪ.

ಈ ತಿಂಗಳು ಮುಗಿಯುವುದರೊಳಗೆ ಅದು ಓಡದಿದ್ದರೆ ನಿಮ್ಮ ಕಂಪ್ಯೂಟರ್ ಅಂಗಡಿಯಿಂದಲೇ ಸಿದ್ಧವಾದದ್ದೊಂದನ್ನು ಕಳಿಸುವುದಾಗಿಯೂ, ಅವಳು ತಕರಾರಿಲ್ಲದೆ ಇಟ್ಟುಕೊಳ್ಳಬೇಕೆಂದೂ ನೀವು ಫೋನಿನಲ್ಲಿ ಹೇಳಿದ್ದಿರಿ. ಅವಳು ಒಪ್ಪಿದಳು. ಫೋನ್ ಕೆಳಗಿಟ್ಟವಳೇ ನನ್ನ ಕಡೆ ತಿರುಗಿ, “ಅಮ್ಮ, ಅಪ್ಪನ ಡಬ್ಬ ಈ ಮನೆಗೆ ಬರಕೂಡ್ದು” ಎಂದಳು. ಈ ಮಾತನ್ನು ನಿಮಗೆ ತಿಳಿಸಬಾರದೆಂದುಕೊಂಡಿದ್ದೆ. ಗೆದ್ದ ಮೇಲೆ ತಿಳಿಸಬಹುದು ಅನ್ನಿಸಿತು.

ಮೂರು ತಿಂಗಳು ಅವಳು ಶಾಲೆಯ ಯೂನಿಫಾರಂ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚಿದಳು. ನನ್ನ ಕತ್ತರಿ ಮೇಜಿನ ಒಂದು ತುದಿಯಲ್ಲಿ ಬಿಳಿ ಗುಂಡಿಗಳ ರಾಶಿ, ಇನ್ನೊಂದು ತುದಿಯಲ್ಲಿ ಭಾಗಗಳ ಪಟ್ಟಿ. ನೀವು ಕಳಿಸಿದ ಪಟ್ಟಿಯೂ ಪಕ್ಕದಲ್ಲೇ ಇತ್ತು, ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು. “ಅಪ್ಪ ದುಡ್ಡೆಲ್ಲ ಪ್ರೊಸೆಸರ್‌ಗೇ ಸುರಿದಿದಾರೆ. ನಾನೇನು ಬ್ಯಾಂಕ್ ನಡೆಸ್ಬೇಕಾ? ಆಟ ಓಡ್ಸೋದು ಗ್ರಾಫಿಕ್ಸ್ ಕಾರ್ಡು” ಎಂದಳು. ಪ್ರೊಸೆಸರ್ ಮಧ್ಯಮದ್ದು ಸಾಕು ಎಂದು ತೀರ್ಮಾನವಾಯಿತು. ಮೆಮೊರಿ ದೊಡ್ಡದೊಂದರ ಬದಲು ಚಿಕ್ಕವೆರಡು. ಜೋಡಿಯಾಗಿ ಇದ್ದರೆ ಚುರುಕಂತೆ. ಬಣ್ಣದ ಲೈಟುಗಳನ್ನು ಪಟ್ಟಿಯಿಂದ ಹೊಡೆದು ಹಾಕಿದಳು: “ಅದು ಕುಣಿಯೋದು ಬೇಡ, ನಾನು ಕುಣಿದ್ರೆ ಸಾಕು.”

ಭಾಗಗಳನ್ನು ಕೂರಿಸುವ ಕ್ಯಾಬಿನೆಟ್ಟು ಹಳೆಯದು, ಮುಚ್ಚಿಹೋದ ಫೋಟೋ ಸ್ಟುಡಿಯೋದವರದು. ಹಾಗೆಯೇ ಪವರ್ ಸಪ್ಲೈಯನ್ನೂ ಹಳೆಯದನ್ನೇ ತೆಗೆದುಕೊಂಡರೆ ದುಡ್ಡು ಉಳಿಯುತ್ತದಲ್ಲ ಎಂದು ನಾನು ಬಾಯಿ ಹಾಕಿದೆ. ಸೂಜಿಯಿಂದ ಕಣ್ಣೆತ್ತದೆ ಕೇಳಿದಳು: “ನೀನು ಒಳ್ಳೇ ಬಟ್ಟೆಗೆ ಅಗ್ಗದ ದಾರ ಹಾಕ್ತೀಯಾ?” ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳ ಮುಂದೆ ನಾನು ಆಡುತ್ತಿದ್ದ ಮಾತು. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ಪವರ್ ಸಪ್ಲೈ ಹೊಸದೇ ಬಂತು.

ಇನ್ನು ನನ್ನ ತಪ್ಪಿನ ಕಥೆ. ಗ್ರಾಫಿಕ್ಸ್ ಕಾರ್ಡು ಉದ್ದವಾದ ವಸ್ತು. ಕ್ಯಾಬಿನೆಟ್ಟಿನೊಳಗೆ ಅದಕ್ಕೆ ಎಷ್ಟು ಜಾಗವಿದೆ ಎಂದು ಮೊದಲೇ ಅಳೆಯಬೇಕು. “ಟೇಪ್ ನೀನೇ ಹಿಡಿ, ನಿನ್ನ ಕೈ ತಪ್ಪಲ್ಲ” ಎಂದು ಕೊಟ್ಟಳು. ಇಂಚಿನ ಬದಿ ಬಿಟ್ಟು ಸೆಂಟಿಮೀಟರಿನ ಬದಿ ತಿರುಗಿಸಿ ಹಿಡಿದೆ. ಕಣ್ಣಿಗೆ ಕಂಡದ್ದು ಇಪ್ಪತ್ತಾರು. ಬಾಯಲ್ಲಿ ಬಂದದ್ದು ಇಪ್ಪತ್ತೊಂಬತ್ತು. ಮೈ ಅಳತೆ ತೆಗೆದು ತೆಗೆದು, ಹೊಲಿಗೆಗೆಂದು ಎರಡು ಬೆರಳು ಸೇರಿಸಿಯೇ ಹೇಳುವುದು ನಾಲಿಗೆಗೆ ಅಂಟಿಬಿಟ್ಟಿದೆ. ಅವಳು ಗೇಮಿಂಗ್ ಕೆಫೆಯವನ ಹತ್ತಿರ ಇಪ್ಪತ್ತೆಂಟು ಸೆಂಟಿಮೀಟರಿನ ಕಾರ್ಡು ಕೊಂಡು ತಂದಳು. ಗುಂಡಿಗಳ ಗಳಿಕೆಯ ದೊಡ್ಡ ಪಾಲು ಅದರಲ್ಲಿತ್ತು. “ಒಂದ್ಸಲ ಹೊರಗೆ ಹೋದ್ರೆ ವಾಪಸ್ ಇಲ್ಲ, ಮೇಡಂ” ಎಂದು ಅವನು ಮೊದಲೇ ಹೇಳಿದ್ದ.

ಎರಡು ಸೆಂಟಿಮೀಟರು ಹೊರಗೇ ಉಳಿಯಿತು. ಮುಂಭಾಗದಲ್ಲಿ ಡಿಸ್ಕುಗಳನ್ನಿಡಲು ಮಾಡಿದ ತಗಡಿನ ಗೂಡೊಂದು ಅಡ್ಡ. ಅವಳು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ಕುಳಿತಳು. ಅಂಚು ಬಿಡುವುದು, ಸ್ವಲ್ಪ ಸಡಿಲು ಕೊಡುವುದು ನನ್ನ ಸ್ವಭಾವ ಎಂದೇ ನಂಬಿದ್ದೆ, ಬಟ್ಟೆಗಷ್ಟೇ ಅಲ್ಲ, ಮನುಷ್ಯರಿಗೂ. ನಿಮಗೆ ಬಿಟ್ಟಿದ್ದೆನೇ ಎಂದು ಆ ಅರ್ಧ ಗಂಟೆಯಲ್ಲಿ ಯಾಕೋ ಯೋಚನೆ ಬಂತು. ಅದು ಬೇರೆ ಕಾಗದದ ವಿಷಯ.

ಆಮೇಲೆ ನಾನೇ ಕೇಳಿದೆ: ಅಂಗಿ ಬಿಗಿಯಾದರೆ ನಾವೇನು ಮೈ ಕತ್ತರಿಸುತ್ತೇವಾ? ಹೊಲಿಗೆ ಬಿಚ್ಚುತ್ತೇವೆ. ಆ ಗೂಡಿಗೆ ಹೊಲಿಗೆ ಎಲ್ಲಿದೆ ತೋರಿಸು. ಅವಳು ಟಾರ್ಚ್ ಹಾಕಿ ನೋಡಿದಳು. ತಗಡನ್ನು ಬಿಗಿದ ಎಂಟು ರಿವೆಟ್ಟುಗಳು. “ಅಮ್ಮ, ಇದು ಬರೀ ಕಚ್ಚಾ ಹೊಲಿಗೆ!” ಎಂದು ಕೂಗಿದಳು. ಎಂಟನ್ನೂ ತೆಗೆದೆವು. ಹೇಗೆ ತೆಗೆದೆವು ಎಂದು ಕೇಳಬೇಡಿ, ಒಂದು ಉಪಾಯ ಸಿಕ್ಕಿತು. ಗೂಡು ಕಳಚಿ ಬಂತು, ಕಾರ್ಡು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಇವತ್ತು ಬೆಳಿಗ್ಗೆ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ನಿಮ್ಮ ಅಂಗಡಿಯ ಡಬ್ಬ ಮೆಟ್ಟಿಲು ಹತ್ತಿ ಬರುತ್ತಿರುವ ಸದ್ದು ನನಗೆ ಕೇಳಿಸಿದಂತಾಯಿತು. ಅವಳು ಹಿಂದೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. ಪರದೆಯ ವೈರನ್ನು ಕಾರ್ಡಿಗೆ ಹಾಕದೆ ಮದರ್‌ಬೋರ್ಡಿಗೆ ಹಾಕಿದ್ದಳು. “ಅಂದ್ರೆ ಗುಂಡಿ ತಪ್ಪು ಕಾಜಾಕ್ಕೆ ಹೋಗಿತ್ತು” ಎಂದೆ. “ಹೂಂ, ಅದೂ ನಿನ್ನ ಕಡೆಯಿಂದ ಬಂದ ಗುಣವೇ” ಎಂದು ವೈರು ಬದಲಿಸಿದಳು. ಬೆಳಕು ಬಂತು. ಆಟದ ಪರದೆಯಲ್ಲಿ ಬೆಟ್ಟವೊಂದು ಮೂಡಿ, ಅದರ ಮೇಲಿನ ಹುಲ್ಲು ಒಂದೊಂದು ಎಸಳೂ ಬೇರೆ ಬೇರೆಯಾಗಿ ಗಾಳಿಗೆ ಅಲುಗಿತು. ನನಗೆ ಆಟ ಅರ್ಥವಾಗುವುದಿಲ್ಲ. ಒಳ್ಳೆಯ ಕೆಲಸ ಅರ್ಥವಾಗುತ್ತದೆ. ನನ್ನ ಹೊಲಿಗೆ ಅಂಗಡಿಯ ಬಾಗಿಲು ತೆರೆಯುವುದನ್ನೂ ಮರೆತು ನೋಡುತ್ತ ನಿಂತೆ.

ಆದ್ದರಿಂದ ಡಬ್ಬ ಕಳಿಸುವ ಅಗತ್ಯವಿಲ್ಲ. ಇಲ್ಲಿ ಇಬ್ಬರಿಗೂ ಫ್ಯೂಸ್ ಹಾಕಲು ಬರುತ್ತದೆ.

ಹೆಮ್ಮೆಯಿಂದ, ಸ್ವಲ್ಪ ಜಂಬದಿಂದಲೂ,
ಗುಂಡುಸೂಜಿಯ ಅಮ್ಮ

ಮರೆತ ಮಾತು: ಎರಡು ವರ್ಷದ ಹಿಂದೆ ನಿಮ್ಮ ಡ್ರಿಲ್ ಮೆಷಿನ್ ಕಳಿಸು ಎಂದು ಬರೆದಿದ್ದಿರಿ. ಗುಜರಿಯವನಿಗೆ ಕೊಟ್ಟುಬಿಟ್ಟೆ ಎಂದು ಉತ್ತರಿಸಿದ್ದೆ. ಕೊಟ್ಟಿರಲಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ, ಲೈನಿಂಗ್ ಬಟ್ಟೆಗಳ ಅಡಿಯಲ್ಲಿತ್ತು. ಗುಂಡುಸೂಜಿ ನನ್ನನ್ನು ಕೇಳದೆ ನೇರ ಅಲ್ಲಿಗೇ ಹೋಗಿ ತೆಗೆದಳು. ನೀವು ಕೊನೆಯ ಸಲ ಬಿಗಿದಿದ್ದ, ತೂತು ಕೊರೆಯುವ ಬಿಟ್ ಹಾಗೇ ಇತ್ತು, ರಿವೆಟ್ಟಿಗೆ ಅದೇ ಸರಿಹೋಯಿತು. ಈಗ ಇನ್ನೊಂದು ಫ್ಯಾನಿಗೆ ದೊಡ್ಡ ತೂತು ಬೇಕಂತೆ. ಬಿಟ್ ಬದಲಿಸಲು ಬೇಕಾದ ಪುಟ್ಟ ಕೀಲಿ ನಿಮ್ಮ ಕೀಗೊಂಚಲಿನಲ್ಲಿಯೇ ಹೋಗಿದೆ. ಅದೇ ಗೊಂಚಲಿನಲ್ಲಿ ಈ ಮನೆಯ ಬಾಗಿಲಿನ ಕೀಲಿಯೂ ಇತ್ತು. ಬೀಗ ನಾನು ಬದಲಿಸಿಲ್ಲ. ಎರಡೂ ಇನ್ನೂ ನಿಮ್ಮ ಹತ್ತಿರ ಇವೆಯೇ?