ಇನಾಮದಾರ ಎಂಬ ಹೆಸರು

ಮಗಳೇ ಜೈತುನ್,

ನಿನ್ನ ತಮ್ಮನ ಮಗಳ ಜಾತಿ ಪ್ರಮಾಣಪತ್ರಕ್ಕೆಂದು ಇವತ್ತು ಸುರಪುರದ ಹಳೆಯ ಶಾಲೆಗೆ ಹೋಗಿದ್ದೆ. ದಾಖಲಾತಿ ಪುಸ್ತಕದಲ್ಲಿ ನಿನ್ನ ಅಜ್ಜನ ಹೆಸರು ಪಿಂಜಾರ ಲಾಡ್ಲೇಸಾಬ ಎಂದಿತ್ತು.

"ಅಮ್ಮಾರ, ನೀವು ಇನಾಮದಾರ ಅಂತೀರಿ. ಇವ್ರು ಅರಳಿ ಹಿಂಜೋರು ಅದಾರಲ್ರಿ!" ಎಂದು ಹೆಡ್‌ಮಾಸ್ತರರು ನಕ್ಕರು.

ನನಗೆ ಆಶ್ಚರ್ಯವಾಗಲಿಲ್ಲ. ಇನಾಮದಾರ ಎಂಬುದು ಪಿಂಜಾರ ಎಂಬುದನ್ನು ಬಿಟ್ಟು ಅಜ್ಜ ತಾವೇ ಇಟ್ಟುಕೊಂಡ ಹೆಸರೆಂದು, ನಾನು ಮದುವೆಯಾಗಿ ಬಂದ ವರ್ಷವೇ ಅತ್ತೆ ಹೇಳಿದ್ದರು.

ಆದರೂ ನೀನು ಶಹಾಪುರದ ಪಿಂಜಾರರ ಹುಡುಗನನ್ನು ಮದುವೆಯಾದಾಗ, "ಅರಳಿ ಹಿಂಜೋರ ಮನಿ ಸೇರಿದಾಕಿ ನಮ್ಮ ಪಾಲಿಗೆ ಸತ್ತಾಳ" ಎಂದೆ. ಅವನ ಮನೆಯವರು ಹತ್ತಿ ಹಿಂಜಿ, ಹೊಲಿದು ತಂದ ಹೊಸ ಗಾದಿಯನ್ನು ಬೀದಿಗೆ ಎಸೆದೆ. ಹೆರಿಗೆಯಲ್ಲಿ ನೀನು ತೀರಿಕೊಂಡಾಗ ಮಣ್ಣು ಕೊಡಲು ಮಯ್ಯತ್ತಿಗೂ ಬರಲಿಲ್ಲ.

"ಏನಂತ ಬರೀಲ್ರಿ?" ಎಂದು ಹೆಡ್‌ಮಾಸ್ತರರು ಕೇಳಿದರು.

"ಪಿಂಜಾರ ಅಂತನ ಬರೀರಿ. ಹುಡುಗಿಗೆ ಮೀಸಲಾತಿ ಸೀಟು ಸಿಗಬೇಕು" ಎಂದೆ.

ಸಹಿ ಹಾಕಿ ಹೊರಬರಲು ಐದು ನಿಮಿಷವೂ ಹಿಡಿಯಲಿಲ್ಲ, ಮಗಳೇ.