ನೇರಳೆ ಬಣ್ಣದ ಕನ್ನಡಕ

ಸುಗಟೂರು
೨೪ ನವೆಂಬರ್ ೨೦೨೪, ಭಾನುವಾರ

ಚಿ. ಸೌ. ಅನಿತಳಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಮುಳಬಾಗಿಲಿನಲ್ಲಿ ನೀನು, ಮುರಳಿಮೋಹನರು, ನಿನ್ನ ಹೊಟ್ಟೆಯಲ್ಲಿ ಒದೆಯುತ್ತಿರುವ ಪುಣ್ಯಾತ್ಮ, ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ನಿನ್ನ ಫೋನು ತೆಗೆಯದೆ, ಮೆಸೇಜಿಗೂ ಉತ್ತರ ಕೊಡದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹುಳ ಜ್ವರಕ್ಕೆ ಕೂತಿದೆ, ಸೊಪ್ಪು ಹಾಕುವುದರಲ್ಲೇ ಹೊತ್ತು ಹೋಗುತ್ತಿದೆ ಎಂದು ನಿಮ್ಮಪ್ಪನ ಕೈಲಿ ಹೇಳಿಸಿದೆ. ಜ್ವರಕ್ಕೆ ಕೂತ ರೇಷ್ಮೆಹುಳ ಸೊಪ್ಪನ್ನೇ ಮುಟ್ಟುವುದಿಲ್ಲ ಅನ್ನುವುದು ಹುಳದ ಮನೆಯಲ್ಲಿ ಬೆಳೆದ ನಿನಗೆ ಗೊತ್ತಿಲ್ಲವೇ? ನೆಪ ಹೇಳುವುದಕ್ಕೂ ಬುದ್ಧಿ ಬೇಕು ನೋಡು.

ಫೋನಿನಲ್ಲಿ ಮಾತಾಡಿದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ, ಆಮೇಲೆ ನೀನು ಗಾಬರಿಯಾಗುತ್ತೀಯ. ಈ ಸಮಯದಲ್ಲಿ ನೀನು ಗಾಬರಿಯಾಗಬಾರದು. ಅದಕ್ಕೇ ಕಾಗದ. ನಾಳೆ ಪಕ್ಕದ ಮನೆಯ ಫರೀದಾ ತನ್ನ ಮಗಳ ಮನೆಗೆಂದು ಮುಳಬಾಗಿಲಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತೇನೆ. ಹಾಗೆ ನೋಡಿದರೆ ನಾನು ಕಾಗದ ಬರೆಯುವುದನ್ನು ಬಿಟ್ಟು ವರ್ಷಗಳೇ ಆದವು. ಅಕ್ಷರ ಗೆರೆಯ ಮೇಲೆ ಕೂರುತ್ತಿರಲಿಲ್ಲ. ಈಗ ಕೂರುತ್ತಿದೆ, ಕನ್ನಡಕ ಬಂದಿದೆಯಲ್ಲ.

ಆ ಕನ್ನಡಕದ ಕಥೆಯನ್ನೇ ಹೇಳಬೇಕು.

ನನಗೆ ಚಾಳೀಸು ಬಂದು ಬಹಳ ದಿನವಾಗಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಗೆ ಓಡುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ನಿಮ್ಮಪ್ಪ ಅದನ್ನು ತಟ್ಟೆಯ ಅಂಚಿಗೆ ಇಟ್ಟು ಎದ್ದುಹೋಗುತ್ತಿದ್ದರು. ಈ ಸಲ ಮೊಟ್ಟೆಯೊಡೆದ ಮರಿಹುಳ ಬಿದಿರಿನ ತಟ್ಟೆಯಲ್ಲಿ ಹರಿದಾಡುತ್ತಿದೆಯೋ, ಬರೀ ಸೊಪ್ಪಿನ ಚೂರೋ ಎನ್ನುವುದೇ ತಿಳಿಯದೆ ಅರ್ಧ ತಟ್ಟೆಯನ್ನು ಗುಡಿಸಿ ತಿಪ್ಪೆಗೆ ಹಾಕಿಬಿಟ್ಟೆ. ಅವತ್ತು ಫರೀದಾ ನನ್ನ ರೆಟ್ಟೆ ಹಿಡಿದು ಬಸ್ಸು ಹತ್ತಿಸಿದಳು. ಕೋಲಾರದ ಕನ್ನಡಕದ ಅಂಗಡಿಯಲ್ಲಿ ಅವಳ ತಮ್ಮನ ಮಗಳು ಕಹಕಶಾ ಕೆಲಸಕ್ಕಿದ್ದಾಳೆ.

"ಸಂತೇಲಿ ಸಿಗೋ ಕನ್ನಡಕ ಸಾಕು ಕಣೇ, ಕಾಣ್ಸಿದ್ರೆ ಆಯ್ತು," ಎಂದೆ ನಾನು.

"ಯಾಕೆ ಸಾಕು? ನಲವತ್ತು ದಾಟಿದ್ರೆ ಮುಖ ಇರಲ್ವಾ ನಮಗೆ? ಸೀರೆಗೆ ಮ್ಯಾಚಿಂಗ್ ಬ್ಲೌಸ್ ಬೇಕು ಅಂತ ನನ್ನ ಪ್ರಾಣ ತಿಂತೀಯ. ಮುಖದ ಮೇಲೆ ದಿನಾ ಕೂರೋದಕ್ಕೆ ಏನಾದ್ರೂ ಆಗ್ಬೋದಾ?" ಎಂದಳು. ದರ್ಜಿಯಲ್ಲವೇ, ಅವಳ ಅಳತೆಯೇ ಬೇರೆ.

ಅಂಗಡಿಯ ಗಾಜಿನ ಮೇಜಿನ ಮೇಲೆ ಕಹಕಶಾ ಸಾಲಾಗಿ ಜೋಡಿಸಿದಳು. ಮೊದಲು ಒಂದು ಗುಂಡನೆಯದನ್ನು ಹಾಕಿಕೊಂಡೆ. "ಬೇಡ ಆಂಟಿ, ನಿಮ್ದು ಗುಂಡು ಮುಖ, ಗುಂಡಗಿನ ಫ್ರೇಮ್ ಹಾಕಿದ್ರೆ ಇನ್ನೂ ಊದಿದಂಗೆ ಕಾಣುತ್ತೆ," ಎಂದಳು. ದಪ್ಪ ಕಪ್ಪು ಚೌಕದ್ದು ಹಾಕಿಕೊಂಡರೆ ಫರೀದಾ ಎದ್ದು ನಿಂತು, "ನಮಸ್ತೇ ಟೀಚರ್, ಹೋಂವರ್ಕ್ ಮರ್ತೆ," ಎಂದು ಕೈ ಮುಂದೆ ಚಾಚಿದಳು. ಅಂಚೇ ಇಲ್ಲದ್ದು ಹಾಕಿದರೆ ನನ್ನ ಕಣ್ಣ ಕೆಳಗಿನ ಕಪ್ಪೆಲ್ಲ ಎದ್ದು ಕಂಡಿತು. ಹುಬ್ಬು ಮುಚ್ಚಬಾರದಂತೆ, ಮೂಗಿನ ಮೇಲಿಂದ ಜಾರಬಾರದಂತೆ, ನಕ್ಕಾಗ ಕೆನ್ನೆಗೆ ತಾಗಬಾರದಂತೆ. ಒಂದೊಂದಕ್ಕೂ ನನ್ನನ್ನು ನಗಿಸಿ ನೋಡಿದರು. ಅಷ್ಟು ಹೊತ್ತು ಯಾರಾದರೂ ನನ್ನ ಮುಖ ನೋಡಿದ್ದು ನನಗೆ ನೆನಪಿಲ್ಲ, ಹೆಣ್ಣು ನೋಡುವ ಶಾಸ್ತ್ರವೂ ನನಗೆ ಆಗಲಿಲ್ಲವಲ್ಲ. ನನಗೆ ತುಂಬ ಖುಷಿಯಾಗಿತ್ತು ಅನಿತ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಹಕಶಾ ಒಳಗಿನಿಂದ ಒಂದು ತಂದಳು. ನೇರಳೆ ಹಣ್ಣಿನ ಬಣ್ಣ. ಎರಡೂ ತುದಿ ಕಿವಿಯ ಕಡೆಗೆ ಮೇಲಕ್ಕೆ ಎದ್ದಿತ್ತು. "ಇದು ಕ್ಯಾಟ್ ಐ ಆಂಟಿ. ವಯಸ್ಸಾದಂಗೆ ಕಣ್ಣು ಇಳಿಯುತ್ತಲ್ಲ, ಇದು ಮೇಲಕ್ಕೆ ಎತ್ತಿ ತೋರ್ಸುತ್ತೆ," ಎಂದು ತಾನೇ ನನ್ನ ಕಿವಿಗೆ ಸಿಕ್ಕಿಸಿ ಕನ್ನಡಿ ತಿರುಗಿಸಿದಳು.

ಕನ್ನಡಿಯಲ್ಲಿ ಅಕ್ಕ ಇದ್ದಳು.

ನಿನ್ನಮ್ಮನನ್ನು ನೀನು ಫೋಟೋದಲ್ಲಿ ಮಾತ್ರ ನೋಡಿದ್ದೀಯ. ನಮ್ಮಿಬ್ಬರ ಮುಖ ಒಂದೇ ಅಚ್ಚು, ಕಣ್ಣು ಮಾತ್ರ ಬೇರೆ. ನನ್ನದು ಇಳಿಗಣ್ಣು. ಪದ್ಮಕ್ಕನ ಕಣ್ಣಿನ ತುದಿ ಮೇಲಕ್ಕಿತ್ತು, ಸುಮ್ಮನಿದ್ದರೂ ನಗುತ್ತಿದ್ದಾಳೆ ಅನ್ನಿಸುತ್ತಿತ್ತು. ಆ ಕನ್ನಡಕ ನನಗೆ ಅವಳ ಕಣ್ಣು ಕೊಟ್ಟಿತು. ಫೋಟೋದಲ್ಲಿರುವ ಹುಡುಗಿಯಲ್ಲ. ಕಾಮಾಲೆ ಅವಳನ್ನು ಕೊಂಡೊಯ್ಯದಿದ್ದರೆ ಈ ಹೊತ್ತಿಗೆ ಹೇಗಿರುತ್ತಿದ್ದಳೋ ಹಾಗೆ, ಬೈತಲೆಯ ಹತ್ತಿರ ನರೆತ ಪದ್ಮಕ್ಕ. ನಾನು ಕಿತ್ತು ಮೇಜಿನ ಮೇಲಿಟ್ಟೆ. ಇನ್ನೆರಡು ಹಾಕಿ ನೋಡಿದೆ. ಕೈ ಮಾತ್ರ ಮತ್ತೆ ಅದಕ್ಕೇ ಹೋಯಿತು, ಯಾಕೆಂದರೆ ಅದರಲ್ಲಿ ನಾನು ಚೆನ್ನಾಗಿದ್ದೆ. ಬೇರೆ ಯಾವುದರಲ್ಲೂ ಅಷ್ಟು ಚೆನ್ನಾಗಿರಲಿಲ್ಲ. "ಇದೇ ಇರ್ಲಿ," ಎಂದೆ. ಗಾಜು ಮಿರುಗದ ಹಾಗೆ ಕೋಟಿಂಗ್ ಹಾಕಿಸಲೇ ಎಂದು ಕಹಕಶಾ ಕೇಳಿದಳು. ನಾನು ಬೇಡವೆಂದೆ.

ಇನ್ನು ನಿನಗೆ ಗೊತ್ತಿಲ್ಲದ ಒಂದು ಮಾತು ಹೇಳಬೇಕು. ನನ್ನ ತಾಳಿಯ ಪಕ್ಕದಲ್ಲಿ ಒಂದು ಬೆಳ್ಳಿ ಬಿಲ್ಲೆ ನೋಡಿದ್ದೀಯಲ್ಲ, ಚಿಕ್ಕವಳಿದ್ದಾಗ ನೀನು ಅದನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ಅದು ಸವತಿ ಬಿಲ್ಲೆ. ಸತ್ತ ಮೊದಲ ಹೆಂಡತಿ ಅದರಲ್ಲಿರುತ್ತಾಳೆ ಅಂತ ಲೆಕ್ಕ. ಅಕ್ಕ ತೀರಿಕೊಂಡ ವರ್ಷದೊಳಗೇ, ತಬ್ಬಲಿ ಮಗು ನೋಡಿಕೊಳ್ಳಲು ಒಡಹುಟ್ಟಿದವಳೇ ಸರಿ ಎಂದು ನನ್ನನ್ನು ನಿಮ್ಮಪ್ಪನಿಗೆ ಧಾರೆಯೆರೆದರಲ್ಲ, ಅವತ್ತೇ ನಿನ್ನಜ್ಜಿ, ನನ್ನತ್ತೆ ಮುನಿಶಾಮಮ್ಮ ಅದನ್ನು ನನ್ನ ಕೊರಳಿಗೆ ಕಟ್ಟಿದರು. "ಹೊಸದು ಏನ್ ಬಂದ್ರೂ ಮೊದ್ಲು ಇವಳಿಗೆ ಮುಟ್ಸು. ನಿನಗಾಯ್ತಾ ಅಕ್ಕಾ ಅಂತ ಕೇಳು. ಆಮೇಲೆ ನೀನು ಉಟ್ಕೋ. ಇಲ್ದಿದ್ರೆ ಅವಳು ಬಿಡಲ್ಲ," ಎಂದರು. ಹಬ್ಬದ ಸೀರೆ, ಬಳೆ, ಹೊಸ ಚಪ್ಪಲಿ, ಕೊನೆಗೆ ಫರೀದಾ ಹೊಲಿದ ಒಳಲಂಗದವರೆಗೆ, ಎಲ್ಲವನ್ನೂ ಅಡುಗೆಮನೆಯ ಮೂಲೆಯಲ್ಲಿ ನಿಂತು ಬಿಲ್ಲೆಗೆ ಮುಟ್ಟಿಸಿದ್ದೇನೆ. ಅತ್ತೆ ಹೋದ ಮೇಲೂ ಬಿಡಲಿಲ್ಲ. ಅಕ್ಕ ಉಟ್ಟು ಬಿಟ್ಟದ್ದನ್ನೇ ನಾನು ಉಟ್ಟಿದ್ದು.

ಕನ್ನಡಕ ತಂದ ಸಂಜೆ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು ನಿಂತೆ. ಅಕ್ಕನಿಗೆ ಚಾಳೀಸು ಬರುವಷ್ಟು ಆಯಸ್ಸೇ ಸಿಗಲಿಲ್ಲ. ಈ ವಯಸ್ಸು ನನ್ನೊಬ್ಬಳದು, ಈ ಮಬ್ಬುಗಣ್ಣೂ ನನ್ನೊಬ್ಬಳದು. ಇದೊಂದಾದರೂ ಮೊದಲು ನನಗೇ ಇರಲಿ ಅನ್ನಿಸಿತು. ಮುಟ್ಟಿಸದೆ ಹಾಕಿಕೊಂಡೆ.

ಜಗಲಿಯ ಮೇಲೆ ಕೂತು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದೆ. ನಿಮ್ಮಪ್ಪ ಹಿಪ್ಪುನೇರಳೆ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದರು. ಇಳಿಸಿದವರು ನನ್ನ ಕಡೆ ನೋಡಿ ಅಲ್ಲೇ ನಿಂತರು.

"ಪದ್ಮಾ, ಒಂದ್ ಚೊಂಬು ನೀರ್ ಕೊಡೇ," ಎಂದರು.

ಅವರ ದನಿ ಅಷ್ಟು ಮೆತ್ತಗಿರುವುದನ್ನು ನಾನು ಕೇಳಿಯೇ ಇರಲಿಲ್ಲ. ನಿಮ್ಮಪ್ಪ ಕೋದಂಡರಾಮಪ್ಪನವರು ಕೆಟ್ಟವರಲ್ಲ, ಒಂದು ದಿನ ಕೈ ಎತ್ತಿದವರಲ್ಲ, ಹೊಟ್ಟೆ ಬಟ್ಟೆಗೆ ಕಡಿಮೆ ಮಾಡಿದವರಲ್ಲ. ಆದರೆ ನಾನು ಅವರಿಗೆ ಯಾವತ್ತೂ "ಇವಳೇ", "ಏಯ್", ಜನರ ಮುಂದೆ "ಅನಿತನ ಚಿಕ್ಕಮ್ಮ". ನನ್ನ ಹೆಸರು ಹಿಡಿದು ಆ ದನಿಯಲ್ಲಿ ಅವರು ಕರೆದಿಲ್ಲ. ನಾನು ಎದ್ದು ನೀರು ಕೊಟ್ಟೆ. ಕುಡಿದು ಚೊಂಬು ಕೆಳಗಿಟ್ಟ ಮೇಲೆ ಅವರಿಗೆ ಅರಿವಾಯಿತು. "ಸೊಪ್ಪು ಇನ್ನೂ ಐತೆ," ಎಂದು ತೋಟದ ಕಡೆಗೆ ಹೊರಟುಹೋದರು. ಅವತ್ತು ಕೊಯ್ದ ಸೊಪ್ಪೆಲ್ಲ ಆ ಹೊರೆಯಲ್ಲೇ ಇತ್ತು. ಅವತ್ತಿನಿಂದ ನನ್ನ ಹತ್ತಿರ ಏನಾದರೂ ಹೇಳಬೇಕಾದರೆ, "ಅದನ್ನ ಒಸಿ ತೆಗಿ," ಎನ್ನುತ್ತಾರೆ. ತೆಗೆದರೆ ನನಗೆ ಅವರ ಮುಖ ಸರಿಯಾಗಿ ಕಾಣುತ್ತದೆ, ದೂರದ ದೃಷ್ಟಿ ಚೆನ್ನಾಗಿದೆಯಲ್ಲ. ಆ ಮುಖ ನೋಡಲಾರೆ.

ಮುಟ್ಟಿಸಲಿಲ್ಲವಲ್ಲ, ಅಕ್ಕ ಬಿಡಲಿಲ್ಲ. ಓದಲು ಕೂತಾಗ, ಬೆನ್ನ ಹಿಂದೆ ಕಿಟಕಿಯ ಬೆಳಕಿದ್ದರೆ, ಗಾಜಿನ ಒಳಮೈಯಲ್ಲಿ ಒಂದು ಕಣ್ಣು ಕಾಣುತ್ತದೆ. ಮಗ್ಗುಲಿನಿಂದ ನನ್ನನ್ನೇ ನೋಡುತ್ತದೆ. ನಾನು ತಿರುಗಿದರೆ ಅದೂ ಜರುಗುತ್ತದೆ. ಫರೀದಾಗೆ ಹೇಳಿದೆ. "ಅರೇ ಹುಚ್ಚಿ, ಅದು ನಿಂದೇ ಕಣ್ಣು. ಕೋಟಿಂಗ್ ಬೇಡ ಅಂದ್ಯಲ್ಲ, ಅದಕ್ಕೇ ಹಂಗೆ ಕಾಣುತ್ತೆ," ಎಂದು ನಕ್ಕಳು. ಇರಲಾರದೆ ಇರುವೆ ಬಿಟ್ಟುಕೊಂಡಂತೆ ಆಯಿತು ನನ್ನ ಕಥೆ. ಅವಳು ಹೇಳುವುದು ನಿಜವೇ ಇರಬಹುದು. ಆದರೆ ನನ್ನ ಕಣ್ಣು ನನ್ನನ್ನು ಯಾಕೆ ಹಾಗೆ ನೋಡಬೇಕು, ಕೊಟ್ಟ ವಸ್ತು ಇನ್ನೂ ವಾಪಸ್ಸು ಬರಲಿಲ್ಲ ಅನ್ನುವ ಹಾಗೆ?

ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಜಡೆ ಹೆಣೆದವಳು, ನನ್ನ ಪಾಲಿನ ಏಟು ತಿಂದವಳು. ಅವಳ ಭಯವೂ ಇಷ್ಟು ವರ್ಷ ಇರಲಿಲ್ಲ. ಈಗ ಹೆದರಿಕೆಯಾಗುತ್ತಿದೆ. ಅವಳು ಬರುತ್ತಾಳೆಂದಲ್ಲ. ಈ ಮನೆಯಲ್ಲಿ ಅವಳು ಯಾವತ್ತೂ ಹೋಗಿಯೇ ಇರಲಿಲ್ಲ, ನಾನು ಬಂದೇ ಇರಲಿಲ್ಲ ಎಂದು.

ಸರಿ, ಬಸುರಿ ಹೆಣ್ಣಿಗೆ ಬರೆಯುವ ಮಾತೇ ಇದು! ಬಿಡು. ರಾಗಿ ಹುರಿಹಿಟ್ಟು, ಕಡ್ಲೆಪುರಿ ಉಂಡೆ ಕಳಿಸಿದ್ದೇನೆ. ಹುಳ ಹಣ್ಣಾಗಿ ಗೂಡು ಕಟ್ಟಿ, ಆ ಗೂಡು ಬಿಡಿಸಿದ ಕೂಡಲೇ ಬಂದು ನಿನ್ನನ್ನು ಬಾಣಂತನಕ್ಕೆ ಕರೆತರುತ್ತೇನೆ. ಈಗ ಕನ್ನಡಕವಿದೆ, ಕೂಸಿನ ಉಗುರು ನಾನೇ ಕತ್ತರಿಸುತ್ತೇನೆ, ನಿನ್ನದನ್ನು ಕತ್ತರಿಗೆ ಹೆದರಿ ಹಲ್ಲಲ್ಲಿ ಕಡಿದ ಹಾಗೆ ಕಡಿಯಬೇಕಾಗಿಲ್ಲ. ಮೆಟ್ಟಿಲು ನಿಧಾನ ಇಳಿ. ಎಡಮಗ್ಗುಲಲ್ಲಿ ಮಲಗು. ನಿನ್ನ ಮಡಿಲು ತುಂಬಿ, ಹೆರಿಗೆ ಹೂವೆತ್ತಿದ ಹಾಗೆ ಆಗಲಿ. ನೀನೂ ಕೂಸೂ ನೂರು ಕಾಲ ಬಾಳಿರಿ.

ಇಂತಿ ನಿನ್ನ ಚಿಕ್ಕಮ್ಮ,
ಸುನಂದ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕನ್ನಡಕ ಹಾಕಿಕೊಂಡ ಫೋಟೋ ಫರೀದಾ ನಿನಗೆ ಕಳಿಸಿದಳಲ್ಲ, ಅದನ್ನು ನೋಡಿ ನೀನು ಏನು ಬರೆದೆ ನೆನಪಿದೆಯೇ? "ಅಮ್ಮ ಇದ್ದಿದ್ದರೆ ಹೀಗೇ ಇರ್ತಿದ್ದಳಲ್ವಾ ಚಿಕ್ಕಮ್ಮಾ, ನೋಡಿ ಅಳು ಬಂತು." ಹೊಸ ಕನ್ನಡಕದಲ್ಲಿ ನಾನು ಮೊದಲು ಓದಿದ ಸಾಲು ಅದು. ನಿನ್ನ ತಪ್ಪಿಲ್ಲ. ನಿನಗೆ ಮಾತು ಬಂದಾಗ ನೀನು ನನ್ನನ್ನೇ "ಅಮ್ಮ" ಅಂದಿದ್ದೆ, ಸೊಪ್ಪಿನ ಮಂಕರಿ ಹಿಡಿದು ಎದ್ದು ನಿಂತು. ನಿನ್ನಜ್ಜಿ ನಿನ್ನನ್ನು ಎತ್ತಿಕೊಂಡು ಹೋಗಿ ಗೋಡೆಯ ಫೋಟೋ ಮುಂದೆ ಹಿಡಿದು, "ಅಮ್ಮ ಇವಳು ಬಂಗಾರೂ, ಅವಳು ಚಿಕ್ಕಮ್ಮ," ಎಂದು ಹೇಳಿಕೊಟ್ಟರು. ನೀನು ಜಾಣೆ, ಬೇಗ ಕಲಿತೆ. ಮತ್ತೊಂದು ಸಲ ತಪ್ಪಿ ಅನ್ನುತ್ತೀಯೇನೋ ಎಂದು ನಾನು ಕಾದಿದ್ದೆ. ನಿನ್ನ ಮದುವೆಯ ದಿನದವರೆಗೂ ಕಾದಿದ್ದೆ. ನನಗೆ ಬೇರೆ ಮಕ್ಕಳಾಗಲಿಲ್ಲವಲ್ಲ.

ಈ ಕಾಗದದ ಜೊತೆ ಕನ್ನಡಕದ ಪೆಟ್ಟಿಗೆಯನ್ನೂ ಫರೀದಾ ಕೊಡುತ್ತಾಳೆ. ಅದರಲ್ಲಿ ಬಿಲ್ಲೆ ಇದೆ. ಇವತ್ತು ಬೆಳಗ್ಗೆ ಬಿಚ್ಚಿದೆ. ನಿನ್ನಮ್ಮ ನಿನ್ನ ಹತ್ತಿರ ಇರಲಿ, ಅವಳನ್ನು ಹೊತ್ತದ್ದು ನನಗೆ ಸಾಕಾಯಿತು. ಅವಳು ನಿನ್ನನ್ನು ಕಾಯುತ್ತಾಳೆ, ಹೆದರಬೇಡ. ನನಗೆ ನೀನು ಒಂದೇ ಒಂದು ಕೊಡು. ಕೂಸಿಗೆ ಮಾತು ಬಂದಾಗ ನನ್ನನ್ನು ಅಜ್ಜಿ ಅನ್ನಲಿ. ಚಿಕ್ಕಜ್ಜಿ ಅಂತ ತಿದ್ದಬೇಡ ಕಣೇ.