ಭಾನುವಾರ ನಡೆಯದ ಪಾಸು

ಗುರುವಾರ, ಅಂಗಡಿಯಿಂದ ಬಂದ ಮೇಲೆ

ಗುಬ್ಬಿಯ ಅಪ್ಪನವರಿಗೆ,

ನಿಮ್ಮನ್ನು ಏನೆಂದು ಕರೆಯುವುದೋ ತಿಳಿಯದೆ ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ. 'ಪ್ರೀತಿಯ' ಎಂದು ಬರೆದರೆ ನೀವು ನಗುತ್ತೀರಿ. 'ಮಾನ್ಯರೇ' ಎಂದರೆ ರಜೆ ಅರ್ಜಿಯಂತಾಗುತ್ತದೆ. ಕೊನೆಗೆ ಮಗಳನ್ನೇ ಮುಂದೆ ಮಾಡಿಕೊಂಡು ಬಂದಿದ್ದೇನೆ. ಬೇರೆಯಾದಾಗಿನಿಂದ ನಾವಿಬ್ಬರೂ ಮಾಡಿದ್ದು ಅದನ್ನೇ ತಾನೇ? ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು 'ಹ್ಞೂಂ' ಬಿಟ್ಟರೆ ಇನ್ನೊಂದು ಮಾತು ಆಡುವವರಲ್ಲ. ಆ 'ಹ್ಞೂಂ' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ.

ವಿಷಯ ಇಷ್ಟೇ. ಈ ಭಾನುವಾರ ಗುಬ್ಬಿ ಪಾರ್ಕಿಗೆ ಬರುವುದಿಲ್ಲ. ಮುಂದಿನ ಭಾನುವಾರವೂ ಇಲ್ಲ. ಪುಟಾಣಿ ರೈಲಿನ ನೀಲಿ ಬೋಗಿಯಲ್ಲಿ ಅವಳನ್ನು ಹುಡುಕಬೇಡಿ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆಗುತ್ತಿಲ್ಲ. ಇನ್ನು ಮುಂದೆ ಬರೆಯುವುದರಲ್ಲಿ ಅರ್ಧ ನಿಮಗೆ ಗೊತ್ತಿರುವುದೇ, ಬೇಸರ ಮಾಡಿಕೊಳ್ಳಬೇಡಿ. ಗೊತ್ತಿಲ್ಲದ ಜಾಗಕ್ಕೆ ನೇರವಾಗಿ ಬರಲು ಧೈರ್ಯ ಸಾಲದೆ ಸುತ್ತಿ ಬಳಸಿ ಬರುತ್ತಿದ್ದೇನೆ.

ಶಾಲೆಯವರು "ಇವಳಿಗೆ ನಾವು ಏನೂ ಕಲಿಸೋಕಾಗಲ್ಲ, ಮನೇಲೇ ಇಟ್ಕೊಳ್ಳಿ" ಎಂದು ಕೈಚೆಲ್ಲಿದರಲ್ಲ, ಆ ವಾರವೇ ನೀವು ಅವಳನ್ನು ಮೊದಲ ಸಲ ಪಾರ್ಕಿಗೆ ಕರೆದುಕೊಂಡು ಹೋದಿರಿ. ಮೂವರಿಗೂ ವರ್ಷದ ಪಾಸು ಮಾಡಿಸಿದಿರಿ. ಗುಬ್ಬಿ ತನ್ನ ಪಾಸನ್ನು ಗೇಟಿನ ಯಂತ್ರಕ್ಕೆ ತೋರಿಸಿದಾಗ ಹಸಿರು ದೀಪ ಹತ್ತಿತು. ಅಷ್ಟು ದೊಡ್ಡ ಹುಡುಗಿಯನ್ನು ಸೊಂಟಕ್ಕೆ ಎತ್ತಿಕೊಂಡು "ಗುಬ್ಬಿ ಪಾಸು! ಫಸ್ಟ್ ಕ್ಲಾಸು!" ಎಂದು ಕೂಗಿದಿರಿ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಅವಳ ಪಾಲಿಗೆ ಪರೀಕ್ಷೆ ಎಂದರೆ ಅದೊಂದೇ. ಪ್ರತಿ ಭಾನುವಾರ ಬರೆಯುತ್ತಿದ್ದಳು, ಪ್ರತಿ ಭಾನುವಾರ ಪಾಸಾಗುತ್ತಿದ್ದಳು. ಬೇರೆ ಯಾರಿಗಾದರೂ ಕೆಂಪು ದೀಪ ಹತ್ತಿದರೆ "ಅಯ್ಯೋ, ಫೇಲ್" ಎಂದು ಹೋಗಿ ಅವರ ಬೆನ್ನು ಸವರುತ್ತಿದ್ದಳು. ಎಷ್ಟೋ ಜನ ಸಿಡುಕಿದ್ದಾರೆ. ಒಬ್ಬರು ಅತ್ತೂ ಬಿಟ್ಟಿದ್ದರು, ನೆನಪಿದೆಯಾ?

ಆಮೇಲೆ ನಾವು ಬೇರೆಯಾದೆವು. ನೋಡಿದವರು ಜಗಳವಾಡಿ ಬೇರೆಯಾದರು ಅಂದುಕೊಂಡರು. ಜಗಳವಾಡುವುದನ್ನೂ ಬಿಟ್ಟು ಬೇರೆಯಾದವರು ನಾವು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮಷ್ಟು ಬಂಗಾರ ಕೂಡಿಟ್ಟ ಗಂಡ ಹೆಂಡತಿ ಇನ್ನೊಬ್ಬರು ಇರಲಿಕ್ಕಿಲ್ಲ. ಆದರೂ ಭಾನುವಾರ ತಪ್ಪಲಿಲ್ಲ. ಲಿಫ್ಟ್ ರಿಪೇರಿಯವರಿಗೆ ರಜೆ ಎಂದರೆ ಅದೊಂದೇ ದಿನ. ನೀವು ರೈಲಿನ ನಿಲ್ದಾಣದಲ್ಲಿ ಕಾಯುತ್ತಿದ್ದಿರಿ, ನಾನು ಅವಳನ್ನು ನಿಮ್ಮ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂರುತ್ತಿದ್ದೆ. ನೀವಿಬ್ಬರೂ ರೈಲಿನಲ್ಲಿ ಸುತ್ತು ಹಾಕುತ್ತಿದ್ದಿರಿ. ಇಳಿದ ಮೇಲೆ ನೀರಿನ ಬಾಟಲಿ ನನ್ನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ನಿಮ್ಮ ಕೈಗೆ ಹೋಗುತ್ತಿತ್ತು. ಆ ಬಾಟಲಿಯನ್ನು ನಾನು ಒಂದು ದಿನವೂ ಅರ್ಧ ತುಂಬಿಸಿ ತಂದಿಲ್ಲ. ಇದನ್ನು ನೀವು ಗಮನಿಸಿರಲಿಕ್ಕಿಲ್ಲ.

ಪಾಸಿನ ಬೆಲೆ ಏರಲು ಶುರುವಾದದ್ದು ಆಮೇಲೆ. ಮೇಲೆ ಹೋದ ಲಿಫ್ಟು ಕೆಳಗೆ ಬರಲೇಬೇಕು ಎಂದು ನೀವು ಹೇಳುತ್ತಿದ್ದಿರಲ್ಲ, ನಿಮ್ಮ ಶಾಸ್ತ್ರಕ್ಕೆ ಸಿಗದ ಲಿಫ್ಟು ಇದೊಂದೇ. ಪ್ರತಿ ವರ್ಷ ಪಾರ್ಕಿನವರಿಂದ ಒಂದು ಬಣ್ಣದ ಪತ್ರ ಬರುತ್ತದೆ. 'ನಮ್ಮ ನೆಚ್ಚಿನ ಹಳೆಯ ಅತಿಥಿಗಳೇ' ಎಂದು ಬೆಣ್ಣೆಯಂತೆ ಶುರುವಾಗಿ ಕೊನೆಯ ಸಾಲಿನಲ್ಲಿ ಸುಣ್ಣ ಇಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಮ್ಮ ಹೇಳುತ್ತಿದ್ದಳು. ಹಾಸಿಗೆಯೇ ವರ್ಷ ವರ್ಷ ಕುಗ್ಗಿದರೆ ಕಾಲನ್ನು ಎಲ್ಲಿಡುವುದು? ನಾನು ಅಂಗಡಿಯ ಪ್ಯಾಂಟು ಮೊಟಕು ಮಾಡುವ ಕೆಲಸದ ಜೊತೆಗೆ ಪರದೆ ಹೊಲಿಯುವುದನ್ನೂ ಒಪ್ಪಿಕೊಂಡೆ. ಅಕ್ಕ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಯಾಕೆ ಬೇಕೇ ನಿನಗೆ ಆ ಪಾರ್ಕು?" ಎಂದಳು. ಅವಳಿಗೆ ಏನೆಂದು ಹೇಳಲಿ? ನನ್ನ ಮಗಳು ಪಾಸಾಗುವ ಜಾಗ ಈ ಭೂಮಿಯ ಮೇಲೆ ಅದೊಂದೇ ಎಂದರೆ ಅವಳಿಗೆ ಅರ್ಥವಾಗುತ್ತದೆಯೇ?

ನನ್ನಂತೆ ಪಾಸು ಹಿಡಿದು ಬರುತ್ತಿದ್ದ ಬೆಂಚಿನ ಜನ ಒಬ್ಬೊಬ್ಬರಾಗಿ ಕಳಚಿಕೊಂಡರು. ಮೊಮ್ಮಕ್ಕಳನ್ನು ಕರೆತರುತ್ತಿದ್ದ ಗಡಿಯಾರ ರಿಪೇರಿಯ ಮುದುಕರು ಮೊದಲು ಹೋದರು. ಆಮೇಲೆ ಯಾವ ಆಟವನ್ನೂ ಆಡದೆ ಬರೀ ಬಾತುಕೋಳಿಗಳನ್ನು ನೋಡಲು ಬರುತ್ತಿದ್ದ ಆ ಅಕ್ಕತಂಗಿಯರು. "ಬರೋ ವರ್ಷ ನೋಡೋಣ" ಎಂದು ಹೇಳಿ ಹೋದವರು ಯಾರೂ ಮರಳಲಿಲ್ಲ. ಅವರ ಜಾಗದಲ್ಲಿ ಒಂದು ದಿನಕ್ಕೆಂದು ಬರುವ ಜನ, ಅವರ ಗದ್ದಲ, ಅವರ ಕ್ಯಾಮೆರಾ. ನಮ್ಮನ್ನು ಅವರು ದಾರಿಗಡ್ಡವಾದವರಂತೆ ನೋಡುತ್ತಿದ್ದರು.

ಹೋದ ವರ್ಷ ಪಾಸು ಹೊಸದು ಮಾಡಿಸಿದ ಮೊದಲ ಭಾನುವಾರ ನೀವು ನಿಲ್ದಾಣದಲ್ಲಿ ಇರಲಿಲ್ಲ. ಎರಡನೆಯ ಭಾನುವಾರವೂ ಇರಲಿಲ್ಲ. ಒಂದು ಮಾತು ಹೇಳಿ ಕಳಿಸಲಿಲ್ಲ. ನಾನೂ ಕೇಳಲಿಲ್ಲ. ಸಾಕಾಗಿರಬೇಕು, ಬೇರೆ ಸಂಸಾರ ಸಿಕ್ಕಿರಬೇಕು ಅಂದುಕೊಂಡೆ. ಆ ಸಂಸಾರಕ್ಕೆ ಮನಸ್ಸಿನಲ್ಲೇ ಒಬ್ಬ ಹೆಂಗಸನ್ನು ಹುಡುಕಿ, ಅವಳಿಗೆ ನನಗಿಂತ ಚೆನ್ನಾಗಿ ಅಡಿಗೆ ಕಲಿಸಿ, ಅವಳ ಮೇಲೆ ಹೊಟ್ಟೆಕಿಚ್ಚೂ ಪಟ್ಟೆ. ಗುಬ್ಬಿ ಒಬ್ಬಳೇ ರೈಲು ಹತ್ತುತ್ತಿದ್ದಳು. ಇಳಿದು ಬಂದು ಪ್ರತಿ ಸಲ "ಅಪ್ಪ ಟಾಟಾ" ಎನ್ನುತ್ತಿದ್ದಳು. ಹಳೆಯ ನೆನಪಿಗೆ ಹೇಳುತ್ತಾಳೆ ಎಂದುಕೊಂಡೆ. ಒಂದು ದಿನ ತಡೆಯಲಾಗದೆ "ಅಪ್ಪ ಬಂದಿಲ್ಲ, ಬರೋದೂ ಇಲ್ಲ, ಸುಮ್ನಿರು" ಎಂದು ಗದರಿದೆ. ಅವಳು ನನ್ನ ಗಲ್ಲ ಹಿಡಿದು, ದಡ್ಡಿಗೆ ಪಾಠ ಹೇಳುವಂತೆ ನಿಧಾನವಾಗಿ, "ಅಪ್ಪ. ಟಾಟಾ." ಎಂದಳು.

ಈ ವರ್ಷದ ಪತ್ರದಲ್ಲಿ ಪಾಸು ಎರಡು ಬಗೆಯಾಗಿತ್ತು. ಒಂದು ಎಲ್ಲ ದಿನಕ್ಕೆ, ಅದು ಕೈಗೆಟುಕುವುದಲ್ಲ. ಇನ್ನೊಂದು ಸೋಮವಾರದಿಂದ ಶುಕ್ರವಾರಕ್ಕೆ. ನಾನು ಎರಡನೆಯದನ್ನು ಮಾಡಿಸಿದೆ. ಬೆಲೆಗಾಗಿಯೇ ಮಾಡಿಸಿದೆ ಎಂದು ಅಕ್ಕನಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ಹೇಗೂ ಬರದವರಿಗಾಗಿ ಭಾನುವಾರ ಯಾಕೆ ಎಂಬ ಸಿಟ್ಟೂ ಅದರಲ್ಲಿತ್ತು. ನಮ್ಮ ಅಂಗಡಿಗೆ ಮಂಗಳವಾರ ರಜೆ, ಅವತ್ತೇ ಹೋದರಾಯಿತು ಅಂದುಕೊಂಡೆ.

ಆದರೆ ಭಾನುವಾರ ಯಾವುದೆಂದು ಗುಬ್ಬಿಗೆ ಗೊತ್ತು. ಹೋದ ಭಾನುವಾರ ಬೆಳಿಗ್ಗೆಯೇ ಹಳದಿ ಫ್ರಾಕು ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಎಷ್ಟು ಹೇಳಿದರೂ ಕೇಳಲಿಲ್ಲ. ಗೇಟಿನವರು ಹಳೆಯ ಗುರುತಿಗೆ ಬಿಟ್ಟರೂ ಬಿಡಬಹುದು ಎಂಬ ಆಸೆಯಿಂದ ಕರೆದುಕೊಂಡು ಹೋದೆ. ಅವಳು ಪಾಸು ತೋರಿಸಿದಳು. ಕೆಂಪು ದೀಪ. ಪಾಸನ್ನು ಫ್ರಾಕಿಗೆ ಒರೆಸಿ ಮತ್ತೆ ತೋರಿಸಿದಳು. ಮತ್ತೆ ಕೆಂಪು. ಗೇಟಿನ ಹುಡುಗಿ ತಲೆ ತಗ್ಗಿಸಿ "ಅಮ್ಮಾ, ಇದು ಭಾನುವಾರ ನಡೆಯಲ್ಲ. ನಾನು ಬಿಟ್ರೆ ನನ್ ಕೆಲಸ ಹೋಗತ್ತೆ" ಎಂದಳು. ಗುಬ್ಬಿ ಅಳಲಿಲ್ಲ. ತನ್ನ ಬೆನ್ನನ್ನು ತಾನೇ ಸವರಿಕೊಳ್ಳಲು ಕೈ ಹಿಂದಕ್ಕೆ ಚಾಚಿದಳು. ಕೈ ಎಟುಕಲಿಲ್ಲ. "ಗುಬ್ಬಿನೂ ಫೇಲ್" ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ರೈಲು ಓಡಿಸುವ ತಾತ ಊಟದ ಬಿಡುವಿಗೆಂದು ರೈಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಗೆ ಬಂದರು. ನಮ್ಮನ್ನು ನೋಡಿ "ಏನಮ್ಮಾ, ಇಲ್ಲೇ ಕೂತಿದೀರಾ? ಪಾಪ, ಅವ್ರು ಬೆಳಿಗ್ಗೆಯಿಂದ ಬೇಲಿ ಹತ್ರ ಕಾಯ್ತಾ ಇದಾರೆ. ಮಗು ಎಲ್ಲಿ ಅಂತ ಪ್ರತಿ ಸುತ್ತಿಗೂ ಕೈ ಮಾಡಿ ಕೇಳ್ತಾರೆ, ನಾನೇನು ಹೇಳ್ಲಿ?" ಎಂದರು. ಯಾರು ಎಂದು ನಾನು ಕೇಳಿದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು.

ಗುಬ್ಬಿಯನ್ನು ಗೇಟಿನ ಹುಡುಗಿಯ ಪಕ್ಕ ಕೂರಿಸಿ ನಾನು ಹೊರಗೋಡೆಯ ಗುಂಟ ಹಿಂದಕ್ಕೆ ಬಂದೆ. ಜನರೇಟರ್ ಶೆಡ್ಡು ದಾಟಿದ ಮೇಲೆ, ರೈಲು ತಿರುಗುವ ಕಡೆ, ತಂತಿ ಬೇಲಿ. ಅಲ್ಲಿ ನೀವು ನಿಂತಿದ್ದಿರಿ. ನಾನು ಹೊಲಿದುಕೊಟ್ಟ ಹಳೆಯ ನೀಲಿ ಅಂಗಿ, ಕಾಲರು ಹರಿದು ದಾರ ನೇತಾಡುತ್ತಿತ್ತು. ರೈಲು ಬಂತು. ನೀಲಿ ಬೋಗಿಯಲ್ಲಿ ಯಾರದೋ ಮಕ್ಕಳು. ನೀವು ಎತ್ತಿದ ಕೈ ಹಾಗೇ ಇಟ್ಟುಕೊಂಡು ಕೊನೆಯ ಬೋಗಿಯವರೆಗೂ ಹುಡುಕಿದಿರಿ. ಆಮೇಲೆ ಕೈ ಇಳಿಸಿ ಮುಂದಿನ ಸುತ್ತಿಗೆ ನಿಂತಿರಿ.

ನಿಮ್ಮ ಬೆನ್ನ ಹಿಂದೆಯೇ ಇದ್ದೆ. ಕೂಗಿದ್ದರೆ ಕೇಳಿಸುತ್ತಿತ್ತು. ಏನೆಂದು ಕೂಗಲಿ? ನೀವು ಪಾಸು ಮಾಡಿಸಲಾಗದೆ ಒಂದು ವರ್ಷ ಬಿಸಿಲಲ್ಲಿ ಬೇಲಿ ಹಿಡಿದು ನಿಂತಿರಿ, ನಾನು ಒಂದು ವರ್ಷ ನೆರಳಲ್ಲಿ ಕೂತು ನಿಮ್ಮನ್ನು ಬೈದೆ. ಕಡೆಗೆ ನಿಮಗೆ ಉಳಿದಿದ್ದ ಆ ಒಂದು ಟಾಟಾವನ್ನೂ ನನ್ನ ಕೈಯಾರೆ ಕತ್ತರಿಸಿ ಹಾಕಿದೆ. ಅದನ್ನು ನಿಮ್ಮ ಮುಖ ನೋಡಿ ಹೇಳುವ ಶಕ್ತಿ ನನಗಿರಲಿಲ್ಲ. ಹಿಂದಿರುಗಿ ಬಂದೆ. ಗುಬ್ಬಿಯನ್ನು ಎಬ್ಬಿಸಿಕೊಂಡು ಮನೆಗೆ ಹೋದೆ.

ಮಂಗಳವಾರ ಅವಳನ್ನು ಮತ್ತೆ ಕರೆದುಕೊಂಡು ಹೋದೆ. ಹಸಿರು ದೀಪ ಹತ್ತಿತು, ನಾನೇ "ಗುಬ್ಬಿ ಪಾಸು" ಎಂದೆ, ನನ್ನ ದನಿಗೆ ಅದು ಒಗ್ಗಲಿಲ್ಲ. ಬೇಲಿಯ ತಿರುವಿನಲ್ಲಿ ನೀವು ಕಾಣದೆ ಅವಳು ಓಡುವ ರೈಲಿನಲ್ಲಿ ಎದ್ದು ನಿಂತಳಂತೆ. ತಾತ ರೈಲು ನಿಲ್ಲಿಸಿ ಇಳಿಸಿದರು. ಅಂದಿನಿಂದ ಅವಳು ಪಾರ್ಕಿನ ಹೆಸರೆತ್ತಿಲ್ಲ. ಹಳದಿ ಫ್ರಾಕನ್ನು ಮಡಚಿ ಹೊಲಿಗೆ ಯಂತ್ರದ ಕೆಳಗೆ ತುರುಕಿದ್ದಾಳೆ. ಬಾಗಿಲು ದಾಟಿ ಹೊರಗೆ ಬರುವುದಿಲ್ಲ. ನನಗೆ ಭಯವಾಗುತ್ತಿದೆ. ಶಾಲೆ ಬಿಡಿಸಿದಾಗಲೂ ಅವಳು ಹೀಗೆ ಸುಮ್ಮನಾಗಿರಲಿಲ್ಲ.

ಬನ್ನಿ ಎಂದು ಕರೆಯಲು ಈ ಕಾಗದ ಬರೆಯುತ್ತಿಲ್ಲ. ಒಡೆದದ್ದನ್ನು ಹೊಲಿದು ಕೂಡಿಸುವ ಸೂಜಿ ನನ್ನ ಹತ್ತಿರ ಇಲ್ಲ. ನೀವು ಖಾಲಿ ಬೋಗಿಗೆ ಕೈಯೆತ್ತಿ ನಿಲ್ಲುವುದು ಬೇಡ, ಅಷ್ಟಕ್ಕೇ ಬರೆದೆ. ನಾಳೆ ಅಂಗಡಿಗೆ ಹೋಗುವಾಗ ನಿಮ್ಮ ವರ್ಕ್‌ಶಾಪಿನ ಬಾಗಿಲ ಕೆಳಗೆ ಇದನ್ನು ತೂರಿಸಿ ಹೋಗುತ್ತೇನೆ. ಬಿಸಿಲಲ್ಲಿ ನಿಲ್ಲಬೇಡಿ.

ಇಂತಿ,
ಗುಬ್ಬಿಯ ಅಮ್ಮ

ವಿ.ಸೂ.: ಲಕೋಟೆ ಅಂಟಿಸಲು ಹೋದರೆ ಒಳಗೆ ಏನೋ ಗಟ್ಟಿಯಾಗಿ ತಾಗಿತು. ಗುಬ್ಬಿಯ ಪಾಸು. ನಾನು ತೆಗೆದೆ, ಅವಳು ಮತ್ತೆ ಹಾಕಿದಳು. ಮತ್ತೆ ತೆಗೆದೆ, ಮತ್ತೆ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ "ಅಪ್ಪಂಗೆ. ಅಪ್ಪ ಫೇಲ್. ಕೆಂಪು ದೀಪ. ಅಮ್ಮಂಗೆ ಹೇಳ್ಬೇಡ ಅಂದ" ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೋದ ವರ್ಷ ನಾನು ಪಾಸು ಹೊಸದು ಮಾಡಿಸುವ ಸಾಲಿನಲ್ಲಿ ನಿಂತಿದ್ದಾಗಲೇ ಇರಬೇಕು, ಗೇಟಿನಲ್ಲಿ ನಿಮಗೆ ಕೆಂಪು ದೀಪ ಹತ್ತಿದ್ದನ್ನು ಅವಳು ನೋಡಿದ್ದಾಳೆ. ನೀವು ಹೇಳಿದ ಒಂದು ಮಾತನ್ನು ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದಾಳೆ. 'ಗುಬ್ಬಿನೂ ಫೇಲ್' ಎಂದಳಲ್ಲ, ಆ 'ನೂ' ನನ್ನ ಕಿವಿಗೆ ಬಿದ್ದೂ ನಾನು ಕೇಳಿಸಿಕೊಂಡಿರಲಿಲ್ಲ. ಪಾಸು ಇದರಲ್ಲೇ ಇದೆ. ಅವಳ ಫೋಟೊ ಇರುವುದರಿಂದ ನಿಮಗೆ ನಡೆಯುವುದಿಲ್ಲ, ಭಾನುವಾರವಂತೂ ಯಾರಿಗೂ ನಡೆಯುವುದಿಲ್ಲ. ಅದನ್ನು ಬೇರೆ ಯಾರ ಕೈಲೂ ವಾಪಸ್ ಕಳಿಸಬೇಡಿ. ನಮ್ಮ ಕರೆಗಂಟೆ ಕೆಟ್ಟಿದೆ, ಬಾಗಿಲು ತಟ್ಟಿ.